ಸಂಬಳವಿಲ್ಲದ ಕೈಗಳು ಕಟ್ಟುವ ಬಿಯರ್ ಹಬ್ಬ

ಲಂಡನ್ನಿನಿಂದ ಉತ್ತರಕ್ಕೆ ರೈಲಿನಲ್ಲಿ ಒಂದು ಗಂಟೆ ಹೋದರೆ ಕೇಂಬ್ರಿಜ್. ಕಾಲೇಜುಗಳನ್ನು ನೋಡಲು ಬಂದವರು ಸಾಮಾನ್ಯವಾಗಿ ಕ್ಯಾಮ್ ನದಿಯಲ್ಲಿ ದೋಣಿ ಹತ್ತಿ, ಫೋಟೊ ತೆಗೆಸಿಕೊಂಡು ವಾಪಸಾಗುತ್ತಾರೆ. ಅದೇ ನದಿಯ ದಡದಲ್ಲಿ ಜೀಸಸ್ ಗ್ರೀನ್ ಎಂಬ ಬಯಲಿದೆ. ಸಾಲಾಗಿ ನಿಂತ ಪ್ಲೇನ್ ಮರಗಳು, 1923ರ ಹೊರಾಂಗಣ ಈಜುಕೊಳ, ನಾಯಿ ಹಿಡಿದು ಅಡ್ಡಾಡುವ ಜನ. ಮೇ ತಿಂಗಳಲ್ಲಿ ಮಾತ್ರ ಈ ಬಯಲಿನ ವೇಷವೇ ಬೇರೆ. ದೊಡ್ಡ ಡೇರೆಗಳು ಏಳುತ್ತವೆ, ಅವುಗಳೊಳಗೆ ನೂರಾರು ಪೀಪಾಯಿಗಳು ಬಂದು ಕೂರುತ್ತವೆ. ಒಂದು ವಾರ ನಡೆಯುವ ಈ ಕೇಂಬ್ರಿಜ್ ಬಿಯರ್ ಹಬ್ಬದಲ್ಲಿ ಬಿಯರ್ ಸುರಿದು ಕೊಡುವವರಿಗಾಗಲಿ, ಲೋಟ ತೊಳೆಯುವವರಿಗಾಗಲಿ, ಬಾಗಿಲಲ್ಲಿ ಟಿಕೆಟ್ ನೋಡುವವರಿಗಾಗಲಿ ಸಂಬಳವಿಲ್ಲ. ಎಲ್ಲರೂ ಸ್ವಯಂಸೇವಕರು.

ಕುಡಿಯುವ ಜಾಗದಲ್ಲಿ ಪುಕ್ಕಟೆ ದುಡಿಯಲು ಯಾರು ಬರುತ್ತಾರೆ ಎಂಬ ಅನುಮಾನ ಸಹಜ. ಉತ್ತರಕ್ಕಾಗಿ ಐವತ್ತಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಹೋಗಬೇಕು. 1960ರ ದಶಕದ ಕೊನೆಗೆ ಬ್ರಿಟನ್ನಿನ ಬಿಯರ್ ವ್ಯಾಪಾರ ಆರು ದೊಡ್ಡ ಕಂಪನಿಗಳ ಹಿಡಿತಕ್ಕೆ ಸಿಕ್ಕಿತ್ತು. ಊರೂರಿನ ಸಣ್ಣ ಭಟ್ಟಿಗಳನ್ನು ಅವು ಕೊಂಡು ಮುಚ್ಚಿದವು. ಬಿಯರನ್ನು ಸೋಸಿ, ಕಾಯಿಸಿ, ಯೀಸ್ಟನ್ನು ಕೊಂದು, ಗ್ಯಾಸ್ ತುಂಬಿ ಲೋಹದ ಕೆಗ್‌ಗಳಲ್ಲಿ ಕಳಿಸತೊಡಗಿದವು. ಅಂಥ ಬಿಯರ್ ಬೇಗ ಕೆಡುವುದಿಲ್ಲ, ಪಬ್ಬಿನವನು ಅದನ್ನು ನೋಡಿಕೊಳ್ಳಬೇಕಾಗಿಯೂ ಇಲ್ಲ. ಎಲ್ಲ ಊರಲ್ಲೂ ಒಂದೇ ರುಚಿ. 1971ರಲ್ಲಿ ಐರ್ಲೆಂಡಿಗೆ ರಜೆಗೆ ಹೋಗಿದ್ದ ನಾಲ್ವರು ಇಂಗ್ಲಿಷ್ ಯುವಕರು ಇದನ್ನು ಬೈದುಕೊಳ್ಳುತ್ತಲೇ ಒಂದು ಸಂಘ ಕಟ್ಟಿದರು. ಅದೇ ಮುಂದೆ ‘ಕ್ಯಾಂಪೇನ್ ಫಾರ್ ರಿಯಲ್ ಏಲ್’ ಆಯಿತು, ಬಾಯಿಮಾತಲ್ಲಿ ಕ್ಯಾಮ್ರಾ. ಬ್ರಿಟನ್ನಿನಲ್ಲಿ ಗ್ರಾಹಕರೇ ಕಟ್ಟಿದ ಚಳವಳಿಗಳಲ್ಲಿ ಇಷ್ಟು ಫಲ ಕಂಡದ್ದು ಕಡಿಮೆ. ಕೇಂಬ್ರಿಜ್ ಶಾಖೆಯವರು 1974ರಲ್ಲಿ ಊರಿನ ಹಳೆಯ ಕಾರ್ನ್ ಎಕ್ಸ್‌ಚೇಂಜ್ ಕಟ್ಟಡದಲ್ಲಿ ತಮ್ಮ ಮೊದಲ ಹಬ್ಬ ನಡೆಸಿದರು. ಕೋವಿಡ್ ಕಾಲದ ಬಿಡುವನ್ನು ಬಿಟ್ಟರೆ ಅಂದಿನಿಂದ ಅದು ನಡೆದುಕೊಂಡೇ ಬಂದಿದೆ.

ರಿಯಲ್ ಏಲ್ ಎಂದು ಅವರು ಉಳಿಸಹೊರಟದ್ದು ಪೀಪಾಯಿಯೊಳಗೂ ಜೀವಂತವಾಗಿರುವ ಬಿಯರನ್ನು. ಭಟ್ಟಿಯಿಂದ ಹೊರಟಾಗ ಅದರಲ್ಲಿ ಇನ್ನೂ ಯೀಸ್ಟ್ ಇರುತ್ತದೆ, ಹುದುಗುವಿಕೆ ಮುಗಿದಿರುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಮರದಿಂದ ಇಳಿಸಿದ ಹೆಂಡ ಹೊತ್ತೇರಿದಂತೆ ಬದಲಾಗುವುದನ್ನು ಬಲ್ಲವರಿಗೆ ಇದು ಬೇಗ ಅರ್ಥವಾದೀತು. ಹೀಗಾಗಿ ಹಬ್ಬದ ನಿಜವಾದ ಕೆಲಸವೆಲ್ಲ ಬಾಗಿಲು ತೆರೆಯುವ ಮೊದಲೇ ನಡೆದಿರುತ್ತದೆ.

ಸಾಮಾನ್ಯ ಪೀಪಾಯಿಗೆ ಫರ್ಕಿನ್ ಎಂದು ಹೆಸರು. ಹಿಡಿಯುವುದು ಒಂಬತ್ತು ಗ್ಯಾಲನ್, ಅಂದರೆ ಸುಮಾರು 41 ಲೀಟರ್, 72 ಪೈಂಟ್. ಅದನ್ನು ಅಡ್ಡ ಮಲಗಿಸಿ, ಅಲುಗದಂತೆ ಬೆಣೆ ಕೊಟ್ಟು ಅಟ್ಟಣೆಯ ಮೇಲೆ ಕೂರಿಸುತ್ತಾರೆ. ಮೇಲುಗಡೆಯ ಬಿರಡೆಗೆ ತೂತು ಮಾಡಿ ಮೆದು ಮರದ ಸಣ್ಣ ಗೂಟವೊಂದನ್ನು ಬಡಿಯುತ್ತಾರೆ. ಕೂಡಿಟ್ಟ ಗ್ಯಾಸು ಆ ಗೂಟದ ಮೂಲಕ ಉಸಿರಾಡಿದಂತೆ ಹೊರಬರುತ್ತದೆ, ಜೊತೆಗೆ ನೊರೆ ಉಕ್ಕುತ್ತದೆ. ಒರೆಸುತ್ತ, ಕಾಯುತ್ತ ಇರಬೇಕು. ನೊರೆ ತಣಿದ ಮೇಲೆ ಗಟ್ಟಿ ಗೂಟ ಹಾಕಿ ಗಾಳಿ ಕಟ್ಟುತ್ತಾರೆ. ಮುಂಭಾಗದ ಬಿರಡೆಗೆ ನಲ್ಲಿಯನ್ನು ಗುರಿಯಿಟ್ಟು ಮರದ ಕೊಡತಿಯಿಂದ ಒಂದೇ ಏಟು ಹಾಕುವುದಂತೂ ಕಸುಬು. ಅಳುಕಿ ಹೊಡೆದರೆ ಮೈಯೆಲ್ಲ ಬಿಯರ್. ಆಮೇಲೆ ಪೀಪಾಯಿಯನ್ನು ಯಾರೂ ಅಲುಗಿಸುವಂತಿಲ್ಲ, ಅಲುಗಿಸಿದರೆ ತಳದ ಮಡ್ಡಿ ಮೇಲೇಳುತ್ತದೆ. ಬೇಕಾದ ಶಾಖ 11ರಿಂದ 13 ಡಿಗ್ರಿ. ನೆಲಮಾಳಿಗೆಯಲ್ಲಿ ಇದು ಸಲೀಸು, ಮೇ ತಿಂಗಳ ಬಿಸಿಲಿಗೆ ಕಾದ ಡೇರೆಯಲ್ಲಿ ಅಲ್ಲ. ತಣ್ಣೀರು ಹರಿಯುವ ಕೊಳವೆಗಳನ್ನು ಪೀಪಾಯಿಗಳಿಗೆ ಜೋಡಿಸಿ ಹೊದಿಕೆ ಹೊದಿಸುತ್ತಾರೆ. ಗಾಳಿ ಸೋಕಿದ ಬಿಯರ್ ಕೆಲವೇ ದಿನಗಳಲ್ಲಿ ಹುಳಿಯಾಗುವುದರಿಂದ ಯಾವ ಪೀಪಾಯಿ ಎಂದು ತೆರೆಯಬೇಕು ಎಂಬುದಕ್ಕೂ ಲೆಕ್ಕವಿರಬೇಕು. ಸಂಬಳಕ್ಕೆ ಜನ ಇಟ್ಟು ಇಷ್ಟು ಉಪಚಾರ ಮಾಡಿಸಹೋದರೆ ಹಬ್ಬದ ಲೆಕ್ಕ ಎಂದೂ ಕೂಡಲಿಕ್ಕಿಲ್ಲ. ಇಲ್ಲಿ ಅದು ಹವ್ಯಾಸಿಗಳ ಕೈಯಲ್ಲಿದೆ. ಹಗಲು ಲ್ಯಾಬು, ಆಫೀಸುಗಳಲ್ಲಿ ದುಡಿಯುವವರು ರಜೆ ಹಾಕಿ ಬರುತ್ತಾರೆ. ಅವರಿಗೆ ದಕ್ಕುವುದು ಊಟ, ಒಂದಿಷ್ಟು ಬಿಯರ್, ಗೆಳೆತನ.

ಒಳಹೋಗುವವರು ಹಬ್ಬದ ಹೆಸರು ಅಚ್ಚಾದ ಗಾಜಿನ ಲೋಟವೊಂದನ್ನು ದುಡ್ಡು ಕೊಟ್ಟು ಪಡೆಯುತ್ತಾರೆ. ಇಡೀ ಸಂಜೆ ಅದೇ ಲೋಟ. ಕೊನೆಗೆ ಹಿಂದಿರುಗಿಸಿ ದುಡ್ಡು ವಾಪಸು ತೆಗೆದುಕೊಳ್ಳಬಹುದು, ಮನೆಗೂ ಒಯ್ಯಬಹುದು. ಪೈಂಟ್, ಅರ್ಧ, ಮೂರನೇ ಒಂದು ಎಂದು ಲೋಟದ ಮೇಲೆ ಗೆರೆಗಳಿರುತ್ತವೆ. ಜಾಣರು ಮೂರನೇ ಒಂದರ ಗೆರೆಯಲ್ಲೇ ನಿಲ್ಲುತ್ತಾರೆ. ಸುಮಾರು 190 ಮಿಲಿಲೀಟರಿನ ಆ ಅಳತೆಯಲ್ಲಿ ಹಲವು ಬಗೆಯ ರುಚಿ ನೋಡಬಹುದು, ಕಾಲ ಮೇಲೆ ಮನೆಗೂ ಹೋಗಬಹುದು. ಗ್ಯಾಸಿನ ಒತ್ತಡವಿಲ್ಲ. ನಲ್ಲಿ ತಿರುಗಿಸಿದರೆ ಬಿಯರ್ ತಾನೇ ಇಳಿಯುತ್ತದೆ. ಮೈಕೊರೆಯುವ ಕಿಂಗ್‌ಫಿಷರ್ ಕುಡಿದು ರೂಢಿಯಾದ ನಾಲಿಗೆಗೆ ಮೊದಲ ಗುಟುಕು ಸಪ್ಪೆ ಅನ್ನಿಸುವುದು ಖಂಡಿತ. ಎರಡನೆಯದಕ್ಕೆ ಮಾಲ್ಟಿನ ಸಿಹಿ, ಹಾಪ್ಸಿನ ಕಹಿ ಬಿಡಿಬಿಡಿಯಾಗಿ ತಿಳಿಯತೊಡಗುತ್ತವೆ. ಕಲ್ಕತ್ತೆ, ಮದ್ರಾಸಿನ ದೊರೆಗಳಿಗೆಂದು ಹಡಗೇರುತ್ತಿದ್ದ ಇಂಡಿಯಾ ಪೇಲ್ ಏಲ್‌ನ ವಂಶದವೂ ಇಲ್ಲಿ ಸಿಗುತ್ತವೆ. ವಿಸ್‌ಬೀಚ್ ಊರಲ್ಲಿ 1795ರಿಂದ ಇರುವ ಎಲ್‌ಗುಡ್ಸ್‌ನಂಥ ಹಳೆಯ ಭಟ್ಟಿಗಳೂ ಇದೇ ಸೀಮೆಯವು.

ಸಸ್ಯಾಹಾರಿಗಳಿಗೊಂದು ಎಚ್ಚರಿಕೆ: ಬಿಯರ್ ತಿಳಿಯಾಗಲೆಂದು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಬಳಸುವ ಪದ್ಧತಿ ಹಳೆಯದು. ಬಳಸದವರೂ ಈಗ ಬೇಕಾದಷ್ಟಿದ್ದಾರೆ. ಕೌಂಟರಿನಲ್ಲಿ ಕೇಳಿದರೆ ಹೇಳುತ್ತಾರೆ.

ಸೈಡರಿನ ಕೌಂಟರ್ ಬೇರೆಯೇ. ಸೇಬಿನ ರಸವನ್ನು ಹಾಗೇ ಹುದುಗಿಸಿದ್ದು, ನೊರೆಗಿರೆ ಇಲ್ಲ. ಇಂಗ್ಲೆಂಡಿನ ಪಶ್ಚಿಮ ಭಾಗದವರು ಒಗರು ತುಂಬಿದ, ತಿನ್ನಲಾಗದ ಸೇಬುಗಳಿಂದ ಸೈಡರ್ ಮಾಡಿದರೆ, ಕೇಂಬ್ರಿಜ್ ಕಡೆಯ ಪೂರ್ವದವರು ತಿನ್ನುವ, ಅಡುಗೆಗೆ ಬಳಸುವ ಸೇಬುಗಳನ್ನೇ ಹಿಂಡುತ್ತಾರೆ. ಇದು ಹಣ್ಣಿನ ತೋಟಗಳ ಸೀಮೆ. ಪಕ್ಕದ ಹಿಸ್ಟನ್‌ನಲ್ಲಿ ಚಿವರ್ಸ್ ಜಾಮ್ ಕಾರ್ಖಾನೆ ಬೆಳೆದದ್ದೂ ಅದೇ ಕಾರಣಕ್ಕೆ. ಆದ್ದರಿಂದ ಇಲ್ಲಿಯ ಸೈಡರ್ ಹುಳಿಹುಳಿಯಾಗಿ, ತೆಳುವಾಗಿ, ವೈನಿನ ಹತ್ತಿರ ಬರುತ್ತದೆ. ರಸದಂತೆ ಸಲೀಸಾಗಿ ಇಳಿಯುತ್ತದೆಂದು ನಂಬಬಾರದು. ಶೇ 6–7 ಮದ್ಯಾಂಶ ಸಾಮಾನ್ಯ. ಪೇರ್ ಹಣ್ಣಿನ ಪೆರಿಯೂ ಇರುತ್ತದೆ. ಕುಡಿಯದವರು ನೇರವಾಗಿ ಚೀಸ್ ಕೌಂಟರಿಗೆ ನಡೆಯಲಿ. ಹಬ್ಬಕ್ಕೆ ಹೆಸರು ತಂದದ್ದರಲ್ಲಿ ಅದರ ಪಾಲೂ ದೊಡ್ಡದು. ಬ್ರೆಡ್ಡಿನ ಜೊತೆ ತುಂಡು ಚೀಸ್ ಹಿಡಿದು ಹುಲ್ಲಿನ ಮೇಲೆ ಕೂತರೆ ಬಿಯರಿನ ಹಂಗೂ ಬೇಕಿಲ್ಲ.

ಕೊರತೆಗಳಿಲ್ಲವೆಂದಲ್ಲ. ಶುಕ್ರವಾರ ಸಂಜೆ ಸಾಲು ಉದ್ದ, ಮಳೆ ಬಂದರೆ ಕೆಸರು. ಅದಕ್ಕಿಂತ ದೊಡ್ಡ ಚಿಂತೆ ಇಂಥ ಹಬ್ಬಗಳನ್ನು ಕಟ್ಟಿದ ತಲೆಮಾರಿಗೆ ವಯಸ್ಸಾಗಿರುವುದು. ಕುಡಿಯಲು ಬರುವ ತರುಣರಲ್ಲಿ ಒಂದಿಷ್ಟು ಮಂದಿ ಕೊಡತಿ ಹಿಡಿಯಲೂ ಬರದಿದ್ದರೆ ಡೇರೆ ಎತ್ತುವವರೇ ಇರುವುದಿಲ್ಲ.

ಹೋಗುವವರು ಕಾರು ಬಿಟ್ಟು ರೈಲಿನಲ್ಲೋ ಬಸ್ಸಿನಲ್ಲೋ ಹೋಗಿ. 18 ದಾಟಿದ್ದಕ್ಕೆ ಗುರುತಿನ ಚೀಟಿ ಜೇಬಿನಲ್ಲಿರಲಿ, ಮಧ್ಯಾಹ್ನದ ಹೊತ್ತನ್ನೇ ಆರಿಸಿಕೊಳ್ಳಿ. ಕೆಲಸಕ್ಕೆಂದು ಆ ಸೀಮೆಯಲ್ಲಿ ನೆಲೆಸಿರುವ ಕನ್ನಡಿಗರಾದರೆ ಕ್ಯಾಮ್ರಾ ಸದಸ್ಯರಾಗಿ ಒಂದು ಸಂಜೆಯ ಕೆಲಸಕ್ಕೆ ಹೆಸರು ಕೊಡಿ. ಊರಿನವರ ಪರಿಚಯವಾಗಲು ಅಲ್ಲಿ ಇದಕ್ಕಿಂತ ಸುಲಭದ ದಾರಿ ಸಿಗಲಿಕ್ಕಿಲ್ಲ.