ಬೆಂಗಳೂರಿನಲ್ಲಿ ಮನೆ ಮತ್ತು ನಿವೇಶನಗಳ ಕ್ರಯವಿಕ್ರಯ

ಬೆಂಗಳೂರಿನಲ್ಲಿ ಮನೆ ಮತ್ತು ನಿವೇಶನಗಳ ಕ್ರಯವಿಕ್ರಯವು ನಗರದ ವಾಸದ ಕಟ್ಟಡ, ಫ್ಲ್ಯಾಟ್ ಹಾಗೂ ಖಾಲಿ ನಿವೇಶನಗಳ ಒಡೆತನವು ಹಣಕ್ಕೆ ಪ್ರತಿಯಾಗಿ ಒಬ್ಬರಿಂದ ಇನ್ನೊಬ್ಬರಿಗೆ ವರ್ಗವಾಗುವ ವ್ಯವಹಾರವಾಗಿದೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮ, 1908ರ ನೋಂದಣಿ ಅಧಿನಿಯಮ ಮತ್ತು 1957ರ ಕರ್ನಾಟಕ ಮುದ್ರಾಂಕ ಅಧಿನಿಯಮಗಳು ಇದಕ್ಕೆ ಆಧಾರವಾದ ಮುಖ್ಯ ಕಾನೂನುಗಳು. ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರ ಸ್ವತ್ತಿನ ಮಾರಾಟವು ನೋಂದಾಯಿತ ಪತ್ರದ ಮೂಲಕವೇ ನಡೆಯಬೇಕು ಎಂಬುದು 1882ರಿಂದಲೂ ಬದಲಾಗದ ನಿಯಮ.

ಭಾರತದಲ್ಲಿ ಸ್ವತ್ತಿನ ಒಡೆತನಕ್ಕೆ ಸರ್ಕಾರ ಖಾತರಿ ನೀಡುವುದಿಲ್ಲ. ಉಪನೋಂದಣಾಧಿಕಾರಿಯು ತನ್ನ ಮುಂದೆ ಹಾಜರುಪಡಿಸಿದ ಪತ್ರವನ್ನು ದಾಖಲಿಸುತ್ತಾರೆ. ಮಾರುತ್ತಿರುವವರಿಗೆ ಆ ಸ್ವತ್ತಿನ ಮೇಲೆ ನಿಜವಾಗಿ ಹಕ್ಕಿದೆಯೇ ಎಂಬುದನ್ನು ತೀರ್ಮಾನಿಸುವುದಿಲ್ಲ. ಹೀಗಾಗಿ ನೋಂದಣಿ, ಖಾತಾ, ತೆರಿಗೆ ರಸೀದಿ ಎಲ್ಲವೂ ಕೈಯಲ್ಲಿದ್ದೂ ಮನೆ ಕಳೆದುಕೊಳ್ಳುವ ಸಂದರ್ಭಗಳು ಉಂಟಾಗುತ್ತವೆ. ಬೆಂಗಳೂರಿನ ಕೊಳ್ಳುಗನು ಗೋಡೆ, ಚಾವಣಿಗಳಿಗಿಂತ ಕಾಗದಪತ್ರಗಳನ್ನು ಹೆಚ್ಚು ಹೊತ್ತು ನೋಡಬೇಕಾಗಿ ಬಂದಿರುವುದು ಈ ಕಾರಣದಿಂದ.

ಬಡಾವಣೆ ಮತ್ತು ಅಳತೆ

1898ರ ಪ್ಲೇಗಿನ ಆಸುಪಾಸಿನಲ್ಲಿ ಬಸವನಗುಡಿ ಮತ್ತು ಮಲ್ಲೇಶ್ವರಗಳು ಯೋಜಿತ ಬಡಾವಣೆಗಳಾಗಿ ಬೆಳೆದವು. 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿಯೂ, ಅದರ ಸ್ಥಾನದಲ್ಲಿ 1976ರ ಅಧಿನಿಯಮದಂತೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೂ (ಬಿಡಿಎ) ಬಂದವು. ಪ್ರಾಧಿಕಾರವು ಭೂಮಿ ಸ್ವಾಧೀನಪಡಿಸಿಕೊಂಡು, ರಸ್ತೆ ಬಿಟ್ಟು, ನಿವೇಶನ ಕತ್ತರಿಸಿ ಹಂಚುವ ಪದ್ಧತಿಯಿಂದಾಗಿ ನಗರದ ಮಾರುಕಟ್ಟೆಯಲ್ಲಿ ಮನೆಗಿಂತ ನಿವೇಶನವೇ ಮೂಲಮಾನವಾಯಿತು. 20×30, 30×40, 40×60 ಎಂಬ ಅಡಿಲೆಕ್ಕದ ಅಳತೆಗಳನ್ನು ಜನರು ಊರಿನ ಹೆಸರುಗಳಷ್ಟೇ ಸಹಜವಾಗಿ ಬಳಸುತ್ತಾರೆ. ಕಟ್ಟಡದ ವಿಸ್ತೀರ್ಣವನ್ನು ಮಾತ್ರ ನೂರು ಚದರ ಅಡಿಗೆ ಒಂದು ‘ಚದರ’ ಎಂದು ಎಣಿಸುವ ರೂಢಿಯಿದೆ; ‘ಹನ್ನೆರಡು ಚದರದ ಮನೆ’ ಎಂದರೆ 1,200 ಚದರ ಅಡಿ ಕಟ್ಟಿದ ಮನೆ. ಕ್ರಯಪತ್ರದ ಕೊನೆಯಲ್ಲಿ ಬರುವ ಸ್ವತ್ತಿನ ವಿವರಣೆಯಲ್ಲಿ ಈ ಅಳತೆಯೊಂದಿಗೆ ನಾಲ್ಕು ದಿಕ್ಕಿನ ಗಡಿಗಳನ್ನು, ಅಂದರೆ ಚಕ್ಕುಬಂದಿಯನ್ನು, ಬರೆಯಲಾಗುತ್ತದೆ. ಪೂರ್ವಾಭಿಮುಖ, ಉತ್ತರಾಭಿಮುಖ ನಿವೇಶನಗಳಿಗೂ ಮೂಲೆ ನಿವೇಶನಗಳಿಗೂ ಬೇಡಿಕೆ ಹೆಚ್ಚು. ಆಷಾಢ ಮಾಸದಲ್ಲಿ ನೋಂದಣಿ ಮಾಡಿಸಲು ಅನೇಕರು ಹಿಂಜರಿಯುತ್ತಾರೆ.

ಪ್ರಾಧಿಕಾರದ ಹಂಚಿಕೆ ಬೇಡಿಕೆಯನ್ನು ಎಂದೂ ಪೂರೈಸಲಿಲ್ಲ. ಉಳಿದ ಬೇಡಿಕೆಯನ್ನು ಗೃಹ ನಿರ್ಮಾಣ ಸಹಕಾರ ಸಂಘಗಳು, ಖಾಸಗಿ ಬಡಾವಣೆಗಳು ಹಾಗೂ ‘ರೆವಿನ್ಯೂ ಸೈಟು’ಗಳು ತುಂಬಿದವು. ರೆವಿನ್ಯೂ ಸೈಟು ಎಂದರೆ ಬಡಾವಣೆ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಪಡೆಯದೆ, ಅನೇಕ ವೇಳೆ ಭೂಪರಿವರ್ತನೆಯನ್ನೂ ಮಾಡಿಸದೆ, ಕೃಷಿ ಜಮೀನನ್ನು ತುಂಡರಿಸಿ ಮಾರಿದ ನಿವೇಶನ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 95ನೆಯ ಪ್ರಕರಣದಂತೆ ಕೃಷಿ ಭೂಮಿಯನ್ನು ವಾಸಕ್ಕೆ ಬಳಸಲು ಪರಿವರ್ತನೆ ಬೇಕು. ‘ಡಿ.ಸಿ. ಕನ್ವರ್ಷನ್ ಆಗಿದೆ’ ಎಂಬ ಜಾಹೀರಾತು ಇಷ್ಟನ್ನು ಮಾತ್ರ ಹೇಳುತ್ತದೆ. ಬಡಾವಣೆಯ ನಕ್ಷೆಗೆ ಅನುಮೋದನೆ ದೊರೆತಿದೆಯೇ, ರಸ್ತೆ ಮತ್ತು ಉದ್ಯಾನದ ಜಾಗವನ್ನು ಬಿಟ್ಟುಕೊಡಲಾಗಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಈ ಎರಡನ್ನು ಒಂದೆಂದು ತಿಳಿದು ಹಣ ಕೊಟ್ಟವರು ನಗರದ ಅಂಚಿನಲ್ಲಿ ಅಸಂಖ್ಯರಿದ್ದಾರೆ.

ಖಾತಾ

ಖಾತಾ ಎಂಬುದು ಆಸ್ತಿ ತೆರಿಗೆಯ ಲೆಕ್ಕಕ್ಕಾಗಿ ಸ್ಥಳೀಯ ಸಂಸ್ಥೆ ಇಟ್ಟುಕೊಳ್ಳುವ ದಾಖಲೆ. ತೆರಿಗೆ ಕಟ್ಟಬೇಕಾದವರು ಯಾರು, ಸ್ವತ್ತು ಎಲ್ಲಿದೆ, ಎಷ್ಟು ದೊಡ್ಡದು ಎಂಬುದನ್ನು ಅದು ತಿಳಿಸುತ್ತದೆ. ಅದು ಹಕ್ಕುಪತ್ರವಲ್ಲ. ಖಾತೆಯಲ್ಲಿ ಹೆಸರಿದ್ದ ಮಾತ್ರಕ್ಕೆ ಒಡೆತನ ಬರುವುದಿಲ್ಲ, ಹೆಸರಿಲ್ಲದ ಮಾತ್ರಕ್ಕೆ ಹೋಗುವುದೂ ಇಲ್ಲ ಎಂಬುದು ನ್ಯಾಯಾಲಯಗಳಲ್ಲಿ ನೆಲೆಗೊಂಡ ತತ್ತ್ವ. ಆದರೆ ಕಟ್ಟಡ ಪರವಾನಗಿ, ಬ್ಯಾಂಕ್ ಸಾಲ, ಮರುಮಾರಾಟ ಎಲ್ಲಕ್ಕೂ ಖಾತಾ ಬೇಕಾಗುವುದರಿಂದ ಜನಬಳಕೆಯಲ್ಲಿ ಅದು ಒಡೆತನದ ಗುರುತೇ ಆಗಿದೆ.

2007ರಲ್ಲಿ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ, ಅನುಮೋದನೆಯಿಲ್ಲದ ಲಕ್ಷಾಂತರ ಸ್ವತ್ತುಗಳು ಪಾಲಿಕೆಯ ವ್ಯಾಪ್ತಿಗೆ ಬಂದವು. ಅವುಗಳನ್ನು ಸಕ್ರಮವೆಂದು ಒಪ್ಪುವಂತಿರಲಿಲ್ಲ. ತೆರಿಗೆ ಬಿಡುವಂತೆಯೂ ಇರಲಿಲ್ಲ. ಅವನ್ನು ‘ಬಿ’ ವಹಿಯಲ್ಲಿ ಬರೆದು ತೆರಿಗೆ ವಸೂಲಿ ಮಾಡಲಾಯಿತು. ‘ಎ ಖಾತಾ’, ‘ಬಿ ಖಾತಾ’ ಎಂಬ ಮಾತುಗಳು ಹೀಗೆ ಹುಟ್ಟಿದವು. ಬಿ ಖಾತಾ ಸ್ವತ್ತಿಗೆ ಕಟ್ಟಡ ಪರವಾನಗಿ ದೊರೆಯುತ್ತಿರಲಿಲ್ಲ, ಹೆಚ್ಚಿನ ಬ್ಯಾಂಕುಗಳು ಸಾಲ ಕೊಡುತ್ತಿರಲಿಲ್ಲ. ಆದರೂ ಅಗ್ಗವೆಂಬ ಕಾರಣಕ್ಕೆ ಮಧ್ಯಮ ಮತ್ತು ಕೆಳಮಧ್ಯಮ ವರ್ಗದವರು ಇವನ್ನೇ ಕೊಂಡು ಮನೆ ಕಟ್ಟಿಕೊಂಡರು. ಅವರ ಪಾಲಿಗೆ ಇದು ಅಜ್ಞಾನಕ್ಕಿಂತ ಹೆಚ್ಚಾಗಿ ಕೈಗೆಟುಕುವ ಬೆಲೆಯ ಪ್ರಶ್ನೆಯಾಗಿತ್ತು. ಇಂತಹ ಉಲ್ಲಂಘನೆಗಳನ್ನು ದಂಡ ಪಡೆದು ಒಪ್ಪಿಕೊಳ್ಳುವ ‘ಅಕ್ರಮ-ಸಕ್ರಮ’ ಯೋಜನೆಗೆ 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆ ನೀಡಿತು. 2025ರಲ್ಲಿ ರಾಜ್ಯ ಸರ್ಕಾರವು ಶುಲ್ಕ ಪಡೆದು ಬಿ ಖಾತಾ ನಿವೇಶನಗಳನ್ನು ಎ ಖಾತಾಗೆ ಬದಲಿಸುವ ಪ್ರತ್ಯೇಕ ಯೋಜನೆಯನ್ನು ಪ್ರಕಟಿಸಿತು.

2024ರ ಅಕ್ಟೋಬರಿನಿಂದ ಪಾಲಿಕೆ ವ್ಯಾಪ್ತಿಯಲ್ಲಿ ನೋಂದಣಿಗೆ ಇ-ಖಾತಾ ಕಡ್ಡಾಯವಾಯಿತು. ಇದರಿಂದ ಒಂದೇ ನಿವೇಶನವನ್ನು ಬೇರೆ ಬೇರೆ ಸಂಖ್ಯೆಗಳಲ್ಲಿ ಹಲವರಿಗೆ ಮಾರುವ ವಂಚನೆಗೆ ಕಡಿವಾಣ ಬೀಳುತ್ತದೆಂಬುದು ಸರ್ಕಾರದ ಉದ್ದೇಶ. 2025ರ ಸೆಪ್ಟೆಂಬರಿನಲ್ಲಿ ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯ ಐದು ನಗರ ಪಾಲಿಕೆಗಳು ಬಂದ ಮೇಲೆ ಖಾತಾ ಕೆಲಸವನ್ನು ಅವು ನಿರ್ವಹಿಸುತ್ತಿವೆ. ಪಾಲಿಕೆಗಳ ಹೊರಗಿನ ಗ್ರಾಮ ಪಂಚಾಯಿತಿಗಳಲ್ಲಿ ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11 ಇದೇ ಸ್ಥಾನದಲ್ಲಿವೆ.

ಹಕ್ಕಿನ ಸರಪಳಿ

ಮಾರುವವರಿಗೆ ಸ್ವತ್ತು ಎಲ್ಲಿಂದ ಬಂತು, ಅವರಿಗೆ ಕೊಟ್ಟವರಿಗೆ ಎಲ್ಲಿಂದ ಬಂತು ಎಂದು ಹಿಂದಕ್ಕೆ ಹೋಗುತ್ತಾ ಪರಿಶೀಲಿಸುವುದನ್ನು ಹಕ್ಕು ಪರಿಶೀಲನೆ ಎನ್ನುತ್ತಾರೆ. ವಕೀಲರು ಸಾಮಾನ್ಯವಾಗಿ ಮೂವತ್ತು ವರ್ಷಗಳಷ್ಟು ಹಿಂದಕ್ಕೆ ನೋಡುತ್ತಾರೆ. ಮೂಲ ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಉಯಿಲು, ಜಮೀನಾಗಿದ್ದ ಕಾಲದ ಪಹಣಿ ಮತ್ತು ಮ್ಯುಟೇಶನ್ ಇವೆಲ್ಲ ಒಂದಕ್ಕೊಂದು ಕೊಂಡಿಯಂತೆ ಹೊಂದಿಕೊಳ್ಳಬೇಕು. ನಡುವೆ ಒಂದು ಕೊಂಡಿ ಕಾಣೆಯಾದರೂ ಅದರ ಮುಂದಿನ ಎಲ್ಲ ಮಾರಾಟಗಳೂ ಪ್ರಶ್ನೆಗೊಳಗಾಗುತ್ತವೆ.

ಉಪನೋಂದಣಿ ಕಚೇರಿ ನೀಡುವ ಋಣಭಾರ ಪ್ರಮಾಣಪತ್ರವು, ಅಂದರೆ ‘ಇ.ಸಿ.’ಯು, ಈ ಪರಿಶೀಲನೆಯ ಮುಖ್ಯ ಸಾಧನ. ಕೇಳಿದ ಅವಧಿಯಲ್ಲಿ ಸ್ವತ್ತಿನ ಬಗ್ಗೆ ನೋಂದಣಿಯಾದ ಮಾರಾಟ, ಅಡಮಾನ, ದಾನ ಮುಂತಾದವು ಅದರಲ್ಲಿ ಕಾಣುತ್ತವೆ. 2004ರ ಏಪ್ರಿಲ್‌ನಿಂದ ಈಚಿನ ವಿವರಗಳು ಕಾವೇರಿ ಜಾಲತಾಣದಲ್ಲಿ ದೊರೆಯುತ್ತವೆ. ಹಿಂದಿನವುಗಳಿಗೆ ಕಚೇರಿಯ ವಹಿಗಳನ್ನೇ ಹುಡುಕಿಸಬೇಕಾಗುತ್ತದೆ. ಆದರೆ ನೋಂದಣಿಯಾಗದ ಕರಾರು, ಬಾಯಿಮಾತಿನ ಪಾಲು, ನೋಂದಣಿ ಮಾಡಿಸದ ಉಯಿಲು, ಹಾಗೂ ಬಹುಮಟ್ಟಿಗೆ ನ್ಯಾಯಾಲಯದ ದಾವೆಗಳು ಇದರಲ್ಲಿ ಕಾಣುವುದಿಲ್ಲ. ‘ಇ.ಸಿ. ಶುದ್ಧವಾಗಿದೆ’ ಎಂದರೆ ನೋಂದಣಿ ಕಚೇರಿಗೆ ತಿಳಿದಿರುವ ಮಟ್ಟಿಗೆ ಶುದ್ಧವಾಗಿದೆ ಎಂದಷ್ಟೇ ಅರ್ಥ.

ಬೆಂಗಳೂರಿನ ಸುತ್ತಲಿನ ಹಳ್ಳಿಗಳು ನಗರವಾಗಿ ಬದಲಾದಾಗ ಅತಿ ಹೆಚ್ಚು ತೊಡಕು ತಂದದ್ದು ಕುಟುಂಬದ ಪಾಲು. ಪಿತ್ರಾರ್ಜಿತ ಸ್ವತ್ತನ್ನು ತಂದೆ ಮತ್ತು ಗಂಡುಮಕ್ಕಳು ಮಾತ್ರ ಸಹಿ ಹಾಕಿ ಮಾರುವುದು ಹಿಂದೆ ಸಾಮಾನ್ಯವಾಗಿತ್ತು. 1994ರ ಜುಲೈ 30ರಿಂದ ಕರ್ನಾಟಕದ ತಿದ್ದುಪಡಿಯು, ಆ ಹೊತ್ತಿಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ನೀಡಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಆ ಹಕ್ಕನ್ನು ವಿವಾಹಿತ ಹೆಣ್ಣುಮಕ್ಕಳಿಗೂ ವಿಸ್ತರಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನಡೆದ ಪರಭಾರೆ ಮತ್ತು ವಿಭಾಗಗಳನ್ನು ಮಾತ್ರ ಅದು ಮುಟ್ಟಲಿಲ್ಲ. ತಂದೆ 2005ರಲ್ಲಿ ಬದುಕಿರಬೇಕೆಂಬ ನಿರ್ಬಂಧವಿಲ್ಲವೆಂದು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಇಂದು ವಂಶವೃಕ್ಷದಲ್ಲಿರುವ ಹೆಣ್ಣುಮಕ್ಕಳೆಲ್ಲರ ಸಹಿಯನ್ನು ಕೊಳ್ಳುವವರು ಕೇಳುವುದು ಈ ಕಾರಣದಿಂದಲೇ. ಅರಿಶಿನ-ಕುಂಕುಮಕ್ಕೆಂದು ಅಲ್ಪ ಮೊತ್ತ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿಸಿಕೊಳ್ಳುವ ವಾಡಿಕೆಯೂ ಇದೆ. ಕಾನೂನು ಕೊಟ್ಟಿದ್ದನ್ನು ವಾಡಿಕೆ ಹಿಂದಕ್ಕೆ ಪಡೆಯುವ ಈ ರೀತಿ ನಂತರದ ವಿಭಾಗ ದಾವೆಗಳಿಗೂ ದಾರಿಯಾಗುತ್ತದೆ. ಅಪ್ರಾಪ್ತ ವಯಸ್ಕರ ಪ್ರತ್ಯೇಕ ಸ್ವತ್ತನ್ನು ಮಾರಲು ಅವರ ಸ್ವಾಭಾವಿಕ ಪೋಷಕರು ನ್ಯಾಯಾಲಯದ ಅನುಮತಿ ಪಡೆಯಬೇಕು. ಮುಸ್ಲಿಮ್ ಮತ್ತು ಕ್ರೈಸ್ತ ಕುಟುಂಬಗಳಿಗೆ ಅವರವರ ಉತ್ತರಾಧಿಕಾರದ ನಿಯಮಗಳು ಅನ್ವಯಿಸುತ್ತವೆ.

ಇನ್ನೊಂದು ಅಪಾಯ ಮಂಜೂರಾತಿ ಜಮೀನಿನದು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಮಾರುವುದನ್ನು 1978ರ ಕರ್ನಾಟಕದ ಕಾಯಿದೆ (ಪಿಟಿಸಿಎಲ್) ನಿಷೇಧಿಸುತ್ತದೆ. ಬಡವರ ಭೂಮಿ ಪುಡಿಗಾಸಿಗೆ ಕೈಬಿಟ್ಟು ಹೋಗಬಾರದೆಂಬುದು ಅದರ ಉದ್ದೇಶ. ಅಂತಹ ಮಾರಾಟ ಅಸಿಂಧುವಾಗುತ್ತದೆ, ಭೂಮಿ ಮೂಲ ಮಂಜೂರಿದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳುತ್ತದೆ. ಅದರ ಮೇಲೆ ಬಡಾವಣೆ ಎದ್ದಿದ್ದರೂ ನಿಯಮ ಬದಲಾಗುವುದಿಲ್ಲ. ಹೀಗೆ ಮರಳಿ ಕೇಳಲು ಕಾಲಮಿತಿಯಿಲ್ಲವೆಂದು 2023ರ ತಿದ್ದುಪಡಿ ಸ್ಪಷ್ಟಪಡಿಸಿತು.

ಕರಾರಿನಿಂದ ನೋಂದಣಿಯವರೆಗೆ

ಬೆಲೆ ಕುದುರಿದ ಮೇಲೆ ಮುಂಗಡ ಕೊಟ್ಟು ಕ್ರಯದ ಕರಾರು ಮಾಡಿಕೊಳ್ಳಲಾಗುತ್ತದೆ. ಕರಾರು ಸ್ವತ್ತಿನಲ್ಲಿ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲ. ಮುಂದೆ ಕ್ರಯಪತ್ರ ಮಾಡಿಕೊಡಬೇಕೆಂದು ಕೇಳುವ ಅಧಿಕಾರವನ್ನಷ್ಟೇ ಕೊಡುತ್ತದೆ. ಒಡೆತನ ಸಾಗುವುದು ನೋಂದಾಯಿತ ಶುದ್ಧ ಕ್ರಯಪತ್ರದಿಂದ. ಬಿಡಿಎ ನಿವೇಶನಗಳನ್ನು ಬಹುಕಾಲ ಹತ್ತು ವರ್ಷಗಳ ಗುತ್ತಿಗೆ ಸಹಿತ ಕ್ರಯ ಕರಾರಿನ ಮೇಲೆ ಹಂಚಲಾಗುತ್ತಿದ್ದು, ಆ ಅವಧಿಯಲ್ಲಿ ಮಾರಾಟಕ್ಕೆ ನಿರ್ಬಂಧವಿದ್ದುದರಿಂದ ಸಾಮಾನ್ಯ ಅಧಿಕಾರಪತ್ರ, ಅಂದರೆ ‘ಜಿಪಿಎ’, ಬರೆಸಿಕೊಂಡು ಕೊಳ್ಳುವ ಅಭ್ಯಾಸ ಬೆಳೆದಿತ್ತು. ಅಧಿಕಾರಪತ್ರ, ಕರಾರು ಮತ್ತು ಉಯಿಲುಗಳ ಮೂಲಕ ನಡೆಯುವ ಇಂತಹ ‘ಮಾರಾಟ’ದಿಂದ ಒಡೆತನ ವರ್ಗವಾಗದು ಎಂದು 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ವಿದೇಶದಲ್ಲಿರುವ ಮಾಲೀಕರು ತಮ್ಮ ಪರವಾಗಿ ಸಹಿ ಮಾಡಲು ಬಂಧುವಿಗೆ ನೀಡುವ ಅಧಿಕಾರಪತ್ರ ಇದಕ್ಕಿಂತ ಭಿನ್ನವಾದುದು, ಅದು ಊರ್ಜಿತ. ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಬೇಕು.

ಕ್ರಯಪತ್ರಕ್ಕೆ ಸಹಿ ಬಿದ್ದ ನಾಲ್ಕು ತಿಂಗಳೊಳಗೆ ಅದನ್ನು ನೋಂದಣಿಗೆ ಹಾಜರುಪಡಿಸಬೇಕು. 2024ರ ಸೆಪ್ಟೆಂಬರಿನಿಂದ ಜಿಲ್ಲೆಯೊಳಗಿನ ಯಾವ ಉಪನೋಂದಣಿ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದು. ಎರಡೂ ಕಡೆಯವರ ಭಾವಚಿತ್ರ, ಬೆರಳಚ್ಚು ಮತ್ತು ಸಾಕ್ಷಿಗಳ ಸಹಿ ಪಡೆಯಲಾಗುತ್ತದೆ.

ಶುಲ್ಕ ಮತ್ತು ತೆರಿಗೆ

ಸರ್ಕಾರವು ಪ್ರದೇಶವಾರು ನಿಗದಿಪಡಿಸುವ ಮಾರ್ಗಸೂಚಿ ಮೌಲ್ಯ ಹಾಗೂ ಪತ್ರದಲ್ಲಿ ಬರೆದ ಬೆಲೆ, ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಶುಲ್ಕ ಬೀಳುತ್ತದೆ. ಮಾರ್ಗಸೂಚಿ ಮೌಲ್ಯಗಳನ್ನು 2023ರ ಅಕ್ಟೋಬರ್ 1ರಿಂದ ಪರಿಷ್ಕರಿಸಲಾಯಿತು. ಮುದ್ರಾಂಕ ಶುಲ್ಕ ಶೇ. 5, ಆ ಶುಲ್ಕದ ಮೇಲೆ ನಗರದಲ್ಲಿ ಶೇ. 10ರಷ್ಟು ಉಪಕರ ಮತ್ತು ಶೇ. 2ರಷ್ಟು ಅಧಿಭಾರ. ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿತು. ಈ ದರಗಳಂತೆ 60 ಲಕ್ಷ ರೂಪಾಯಿಯ ಮನೆಗೆ ಮುದ್ರಾಂಕ ಶುಲ್ಕ 3,00,000, ಉಪಕರ 30,000, ಅಧಿಭಾರ 6,000, ನೋಂದಣಿ ಶುಲ್ಕ 1,20,000, ಒಟ್ಟು 4,56,000 ರೂಪಾಯಿ ಆಗುತ್ತದೆ. ಬ್ಯಾಂಕ್ ಸಾಲದ ಲೆಕ್ಕದಲ್ಲಿ ಈ ಮೊತ್ತ ಸಾಮಾನ್ಯವಾಗಿ ಸೇರದ ಕಾರಣ ಕೊಳ್ಳುವವರೇ ಕೈಯಿಂದ ಹೊಂದಿಸಬೇಕು. ಕಡಿಮೆ ಬೆಲೆಯ ಹೊಸ ಫ್ಲ್ಯಾಟುಗಳ ಮೊದಲ ಮಾರಾಟಕ್ಕೆ ಮುದ್ರಾಂಕ ಶುಲ್ಕದಲ್ಲಿ ರಿಯಾಯಿತಿಯಿದೆ.

ಬೆಲೆ 50 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕೊಳ್ಳುವವರು ಶೇ. 1ನ್ನು ಹಿಡಿದು ಆದಾಯ ತೆರಿಗೆ ಇಲಾಖೆಗೆ ಕಟ್ಟಬೇಕು. ಮಾರುವವರು ಅನಿವಾಸಿಯಾಗಿದ್ದರೆ ಈ ಮಿತಿಯೂ ಇಲ್ಲ, ದರವೂ ಹೆಚ್ಚು; ಕಡಿತ ಮಾಡದಿದ್ದರೆ ಹೊಣೆ ಕೊಂಡವರದೇ. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದನ್ನು 2015ರ ಜೂನ್‌ನಿಂದ ನಿಷೇಧಿಸಲಾಗಿದೆ. ಪತ್ರದಲ್ಲಿ ಕಡಿಮೆ ಬೆಲೆ ಬರೆದು ಉಳಿದುದನ್ನು ನಗದಾಗಿ ಕೊಡುವ ರೂಢಿ ಆದರೂ ಪೂರ್ತಿ ಅಳಿದಿಲ್ಲ. ಅದರಲ್ಲಿ ಕೊಳ್ಳುವವರಿಗೆ ಎರಡು ನಷ್ಟ: ವ್ಯಾಜ್ಯವಾದರೆ ನಗದಿಗೆ ಪುರಾವೆಯಿಲ್ಲ, ತಾವು ಮುಂದೆ ಮಾರುವಾಗ ಲಾಭ ದೊಡ್ಡದಾಗಿ ಕಂಡು ತೆರಿಗೆ ಏರುತ್ತದೆ.

ಫ್ಲ್ಯಾಟುಗಳು

ಫ್ಲ್ಯಾಟು ಕೊಳ್ಳುವವರಿಗೆ ಮನೆಯೊಂದಿಗೆ ಭೂಮಿಯಲ್ಲಿ ಅವಿಭಾಜ್ಯ ಪಾಲು ಬರುತ್ತದೆ. 2016ರ ಸ್ಥಿರಾಸ್ತಿ ಕಾಯಿದೆಯಂತೆ, 500 ಚದರ ಮೀಟರ್ ಮೀರಿದ ಭೂಮಿಯ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆಯನ್ನು ರೇರಾದಲ್ಲಿ ನೋಂದಾಯಿಸದೆ ಮಾರುವಂತಿಲ್ಲ. ನೋಂದಾಯಿತ ಕರಾರಿಗೆ ಮೊದಲು ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಕೊಳ್ಳುಗರ ಹಣದ ಶೇ. 70ನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಆ ಯೋಜನೆಯ ಭೂಮಿ ಮತ್ತು ನಿರ್ಮಾಣಕ್ಕೇ ಬಳಸಬೇಕು. ಕಟ್ಟಡ ಮುಗಿದ ಮೇಲೆ ಸ್ವಾಧೀನಾನುಭವ ಪತ್ರ, ಅಂದರೆ ‘ಒ.ಸಿ.’, ದೊರೆಯಬೇಕು. ನಕ್ಷೆ ಮೀರಿ ಕಟ್ಟಿದ ಕಟ್ಟಡಗಳಿಗೆ ಅದು ಸಿಗುವುದಿಲ್ಲ. 2024ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಪತ್ರವಿಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ನೀಡಬಾರದೆಂದು ನಿರ್ದೇಶಿಸಿದ ಬಳಿಕ, ಅನೇಕ ಹೊಸ ಮನೆಗಳು ತಾತ್ಕಾಲಿಕ ಸಂಪರ್ಕದ ದುಬಾರಿ ದರದಲ್ಲೇ ಉಳಿಯಬೇಕಾಯಿತು.

ವಿವಾದಗಳು

ಕರಾರಿನಂತೆ ಕ್ರಯಪತ್ರ ಮಾಡಿಕೊಡದಿದ್ದರೆ, ಕರಾರಿನಲ್ಲಿ ಗೊತ್ತುಪಡಿಸಿದ ದಿನದಿಂದ, ದಿನ ಗೊತ್ತುಪಡಿಸಿರದಿದ್ದರೆ ಮಾರುವವರು ನಿರಾಕರಿಸಿದ್ದು ತಿಳಿದಂದಿನಿಂದ, ಮೂರು ವರ್ಷಗಳೊಳಗೆ ನಿರ್ದಿಷ್ಟ ಪಾಲನೆಯ ದಾವೆ ಹೂಡಬಹುದು. ತಾನು ಹಣ ಕೊಡಲು ಸದಾ ಸಿದ್ಧನಿದ್ದೆ ಎಂಬುದನ್ನು ಕೊಳ್ಳುವವನು ಸಾಬೀತುಪಡಿಸಬೇಕಾಗುತ್ತದೆ. ದಾವೆ ನಡೆಯುತ್ತಿರುವ ಸ್ವತ್ತನ್ನು ಕೊಂಡವರು, ವ್ಯಾಜ್ಯದ ಅರಿವೇ ಇರದಿದ್ದರೂ, ಅದರ ತೀರ್ಪಿಗೆ ಬದ್ಧರಾಗುತ್ತಾರೆ. ಆದ್ದರಿಂದ ಮಾರುವವರ ಹಾಗೂ ಅವರ ಹಿಂದಿನ ಮಾಲೀಕರ ಹೆಸರುಗಳನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ಹುಡುಕಿ ನೋಡುವುದು, ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ನೀಡಿ ತಕರಾರು ಇದ್ದವರನ್ನು ಆಹ್ವಾನಿಸುವುದು ರೂಢಿಯಲ್ಲಿದೆ. ಈ ಕೆಲಸವನ್ನು ಮುಂಗಡ ಕೊಟ್ಟ ಮೇಲೆ ಮಾಡುವವರೇ ಹೆಚ್ಚು. ಆ ಹೊತ್ತಿಗೆ ತಕರಾರು ಹೊರಬಂದರೆ ಮುಂಗಡವನ್ನು ಮರಳಿ ಪಡೆಯುವುದೇ ಮೊದಲ ವ್ಯಾಜ್ಯವಾಗುತ್ತದೆ.