ಒಂದೇ ಅಂಗಳದ ಕೂಸು ಮತ್ತು ಕರು

ಮಾನ್ವಿ ಸೀಮೆಯ ಹಳ್ಳಿಯೊಂದರಲ್ಲಿ, ಹೊತ್ತು ಇನ್ನೂ ಏರದಿದ್ದಾಗ, ಗೋದಲಿಯ ಬದಿಗೆ ಕಟ್ಟಿದ್ದ ಹತ್ತು ದಿನದ ಕರುವೊಂದು ನಿಲ್ಲಲಾರದೆ ಮುಂಗಾಲು ಮಡಿಸಿ ಕುಸಿದುದನ್ನು ನಾನು ಕಂಡೆನು. ಬಾಲವೂ ಹಿಂದೊಡೆಗಳೂ ಹಳದಿ ನೀರಾದ ಸಗಣಿಯಲ್ಲಿ ತೊಯ್ದು ಅಂಟಿಕೊಂಡಿದ್ದುವು. ಮನೆಯ ಮುದುಕಿ ಅದರ ಕತ್ತಿನ ಚರ್ಮವನ್ನು ಎರಡು ಬೆರಳಿನಿಂದ ಚಿವುಟಿ ಬಿಟ್ಟಳು; ಮಡಿಕೆ ಎತ್ತಿದಂತೆಯೇ ನಿಂತಿತು. “ಮೈಯಾಗಿನ ನೀರೆಲ್ಲ ಹೋಗ್ಯಾದ ನೋಡಪಾ” ಎಂದಳು. ಬಳಿಕ ಕೈಯನ್ನು ಸೆರಗಿಗೆ ಒರಸಿಕೊಂಡು, ಒಳಗೆ ಅಳುತ್ತಿದ್ದ ಮೊಮ್ಮಗುವನ್ನು ಎತ್ತಿಕೊಂಡಳು.

ಹೀಗೆ ಕರುವಿನಿಂದ ಕೂಸಿಗೆ ದಾಟಬಲ್ಲ ಪರೋಪಜೀವಿಗಳಲ್ಲಿ ಕ್ರಿಪ್ಟೊಸ್ಪೊರಿಡಿಯಂ ಮುಖ್ಯವಾದುದು. 1907ರಲ್ಲಿ ಅಮೆರಿಕದ ಅರ್ನೆಸ್ಟ್ ಟೈಜರ್ ಎಂಬ ವಿಜ್ಞಾನಿ ಇದನ್ನು ಇಲಿಯ ಜಠರದಲ್ಲಿ ಗುರುತಿಸಿದನಾದರೂ, ಮನುಷ್ಯನಿಗೂ ಇದು ತಗುಲುವುದೆಂದು ಲೋಕಕ್ಕೆ ತಿಳಿದುದು 1976ರಲ್ಲಿ. ಮೊದಲ ರೋಗಿಗಳಲ್ಲೊಬ್ಬಳು ದನಕರುಗಳಿದ್ದ ಹೊಲಮನೆಯ ಮೂರು ವರ್ಷದ ಹೆಣ್ಣುಮಗು. ಇದರ ಬೀಜಕೋಶ ಮಿಲಿಮೀಟರಿನ ಸಾವಿರದಲ್ಲಿ ಐದು ಭಾಗದಷ್ಟು ಸೂಕ್ಷ್ಮವಾದರೂ, ಗಟ್ಟಿಯಾದ ಕವಚವುಳ್ಳದ್ದಾಗಿ, ಕುಡಿಯುವ ನೀರಿಗೆ ಬೆರಸುವ ಕ್ಲೋರಿನ್ನಿಗೂ ಜಗ್ಗದು. ಕುದಿಸಿದರೆ ಸಾಯುವುದು.

ಮಾನ್ವಿಯನ್ನೊಳಗೊಂಡ, ಕೃಷ್ಣೆ ತುಂಗಭದ್ರೆಗಳ ನಡುವೆ ನೆಲಸಿದ ರಾಯಚೂರು ಜಿಲ್ಲೆಗೆ ನೀರಿನ ಬಡತನ ಸಲ್ಲದು; ಆದರೂ 2022ರ ಬೇಸಗೆಯಲ್ಲಿ ರಾಯಚೂರು ನಗರದಲ್ಲಿಯೂ, ಮರುವರ್ಷ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿಯೂ ಕಲುಷಿತ ನೀರು ಕುಡಿದು ಜನರು ವಾಂತಿಭೇದಿಗೆ ತುತ್ತಾಗಿ ಸತ್ತರು. ಭೇದಿಗೆ ಕಾರಣಗಳು ಹಲವು. ಬ್ಯಾಕ್ಟೀರಿಯಾದಿಂದ ಬಂದುದಕ್ಕೆ ಔಷಧಗಳಿವೆ, ರೋಟಾವೈರಸ್ಸಿಗೆ ಲಸಿಕೆಯಿದೆ; ಈ ಪರೋಪಜೀವಿಗಾದರೋ ಲಸಿಕೆಯಿಲ್ಲ, 2002ರಲ್ಲಿ ಅಮೆರಿಕದಲ್ಲಿ ಮಕ್ಕಳಿಗಾಗಿ ಮನ್ನಣೆ ಪಡೆದ ನೈಟಾಜೊಕ್ಸನೈಡ್ ಎಂಬ ಔಷಧವೂ, ಯಾರಿಗೆ ಅದರ ಅಗತ್ಯ ಅತಿಶಯವೋ ಆ ಪೌಷ್ಟಿಕತೆಗೆಟ್ಟ, ರೋಗನಿರೋಧಶಕ್ತಿ ಕುಂದಿದ ಶರೀರಗಳಲ್ಲಿ ಸೋಲುತ್ತದೆ. ಕೋಲ್ಕತ್ತವೂ ಒಂದು ಕೇಂದ್ರವಾಗಿದ್ದ, 2013ರಲ್ಲಿ ಪ್ರಕಟವಾದ ಬಹುರಾಷ್ಟ್ರೀಯ ಅಧ್ಯಯನವು, ಹಸುಗೂಸುಗಳ ತೀವ್ರ ಭೇದಿಯ ಕಾರಣಗಳಲ್ಲಿ ರೋಟಾವೈರಸ್ಸಿನ ಮರುಸ್ಥಾನವನ್ನು ಇದಕ್ಕೇ ಕೊಟ್ಟಿತು.

ಹೊಸ ಔಷಧವನ್ನು ಅರಸುವವರಿಗೆ ಮೊದಲ ತೊಡಕು ಪ್ರಾಣಿಯ ಆಯ್ಕೆಯೇ. ಆರೋಗ್ಯವಂತವಾದ ಬೆಳೆದ ಇಲಿಗೆ ಈ ರೋಗ ನಿಲ್ಲದು. ಆದ್ದರಿಂದ ರಕ್ಷಣಾವ್ಯವಸ್ಥೆಯ ಇಂಟರ್‌ಫೆರಾನ್ ಗಾಮಾ ಎಂಬ ಪದಾರ್ಥವನ್ನು ತಯಾರಿಸುವ ವಂಶವಾಹಿಯನ್ನು ತೆಗೆದ ಇಲಿಗಳನ್ನು ಬಳಸುವರು. ಆದರೆ ಇಲಿಗೆ ಮಗುವಿನಂತೆ ಭೇದಿಯಾಗದು. ಕುಷ್ಠರೋಗಕ್ಕೆ ನಾವು ಬಹುಕಾಲದಿಂದ ಬಳಸಿದ ಕ್ಲೋಫಾಜಿಮೈನ್, ಇಲಿಯಲ್ಲಿ ಗೆದ್ದು, ಮಲಾವಿಯ ರೋಗಿಗಳಲ್ಲಿ ಸೋತಿತು. ಇಲಿಯೊಂದನ್ನೇ ನಂಬುವುದು ಸಾಲದೆಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ಎಳೆಗರುವಾದರೋ ಈ ರೋಗವನ್ನು ಸಹಜವಾಗಿಯೇ ಪಡೆಯುವುದು: ಅದೇ ಪರೋಪಜೀವಿ, ಅದೇ ಕರುಳಿನ ಹಾನಿ, ಅದೇ ನೀರಿನ ನಷ್ಟ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ನಡೆಸಿದ್ದ ಉಜ್ಜಿನಿ ಮಂಜುನಾಥರು ಸಿಂಗಪುರದ ನೊವಾರ್ಟಿಸ್ ಉಷ್ಣವಲಯ ರೋಗ ಸಂಸ್ಥೆಯಲ್ಲಿ ಸಂಗಡಿಗರೊಡನೆ ಹಿಡಿದ ದಾರಿ ಈ ದೃಷ್ಟಿಯಿಂದ ಗಮನಾರ್ಹವಾದುದು. ಮಲೇರಿಯಾದ ಜೀವಿಯೂ ಈ ಪರೋಪಜೀವಿಯೂ ದೂರದ ಬಂಧುಗಳಾದುದರಿಂದ, ಮಲೇರಿಯಾದ ಮೇಲೆ ಪರಿಣಾಮಕಾರಿಯೆಂದು ಕಂಡಿದ್ದ ಆರು ಸಾವಿರಕ್ಕೂ ಹೆಚ್ಚು ಸಂಯುಕ್ತಗಳನ್ನು ಅವರು ಜಾಲಿಸಿ ನೋಡಿದರು. ಕ್ರಿಪ್ಟೊಸ್ಪೊರಿಡಿಯಂನ ಬೆಳವಣಿಗೆಗೆ ಬೇಕಾದ ಒಂದು ಕಿಣ್ವವನ್ನು ತಡೆಯುವ ಕೆಡಿಯು731 ಎಂಬುದನ್ನು ಮೊದಲು ಇಲಿಗೂ ಆಮೇಲೆ ಸೋಂಕು ತಗುಲಿಸಿದ ಎಳೆಗರುಗಳಿಗೂ ಕೊಟ್ಟರು. ಕರುಗಳ ಭೇದಿ ಇಳಿಯಿತು, ನಿರ್ಜಲೀಕರಣ ತಗ್ಗಿತು, ಸಗಣಿಯೊಡನೆ ಹೊರಬೀಳುವ ಬೀಜಕೋಶಗಳೂ ಕಡಮೆಯಾದುವು. 2017ರಲ್ಲಿ ನೇಚರ್ ಪತ್ರಿಕೆಯಲ್ಲಿ ಈ ವರದಿ ಬಂದಿತು. ಏಳು ವರ್ಷಗಳ ಬಳಿಕ ಇದೇ ಬಳಗವು ಇಡಿಐ048 ಎಂಬ ಮತ್ತೊಂದನ್ನು ಮುಂದಿಟ್ಟಿತು. ಕರುಳಿನಲ್ಲಿಯೇ ತನ್ನ ಕೆಲಸ ಮುಗಿಸಿ, ರಕ್ತಕ್ಕೆ ಹೆಚ್ಚಾಗಿ ಸೇರದಂತೆ ರೂಪಿಸಿದ ಔಷಧವದು. ಎಳೆಯ ಕೂಸಿಗೆ ಕೊಡಬೇಕಾದ ಮದ್ದಿಗೆ ಇಂಥ ಎಚ್ಚರ ಒಪ್ಪುವುದು.

ಮಾನ್ವಿಯ ಆ ಮನೆಯಲ್ಲಿ ಅಂದು ಇದ್ದುದು ಓಆರ್‌ಎಸ್ ಪೊಟ್ಟಣವೊಂದು, ಕುದಿಸಿ ಆರಿಸಿದ ನೀರಿನ ಒಂದು ಚರಿಗೆ. ಆಶಾ ಕಾರ್ಯಕರ್ತೆ ಬಂದು ಕೂಸಿನ ಅಂಗಿಯನ್ನು ಮೇಲೆ ಸರಿಸಿ, ಹೊಟ್ಟೆಯ ಚರ್ಮವನ್ನು ಎರಡು ಬೆರಳಿನಿಂದ ಮೆಲ್ಲನೆ ಚಿವುಟಿ ಬಿಟ್ಟಳು. ಮಡಿಕೆ ಕೂಡಲೆ ಇಳಿಯಿತು. ಮುದುಕಿ ಚರಿಗೆಯನ್ನು ಎತ್ತಿಕೊಂಡು, ಉಳಿದ ನೀರಿನೊಡನೆ ಗೋದಲಿಯ ಕಡೆಗೆ ನಡೆದಳು.