ಕಡಿದರೆ ತಂಪು, ಉಜ್ಜಿದರೆ ಬಿಸಿ

ಸಾಗರದ ಓದುಗರೊಬ್ಬರು ಒಂದು ಪೊಟ್ಟಣ ಕಳಿಸಿದ್ದಾರೆ. ಒಳಗೆ ಅಂಗೈಯಗಲದ ಸಾಗುವಾನಿ ಹಲಗೆ, ಅದರ ಮೇಲೆ ಕೊರೆದ ಮನೆಯ ಹೆಸರು. ಅಕ್ಷರಗಳು ಚೆಂದವಾಗಿಯೇ ಇವೆ, ಆದರೆ ಅಂಚುಗಳೆಲ್ಲ ಕಂದಿವೆ. ಮೂಗಿನ ಹತ್ತಿರ ಹಿಡಿದರೆ ಇನ್ನೂ ಹೊಗೆಯ ವಾಸನೆ. ಜೊತೆಗೊಂದು ಚೀಟಿ: “ಕಂಪ್ಯೂಟರ್ ಹೇಳಿದಂತೆ ನಡೆಯುವ, ಮೇಜಿನ ಮೇಲಿಡುವ ಸಣ್ಣ ಸಿಎನ್‌ಸಿ ಮೆಷಿನ್ ತಗೊಂಡಿದ್ದೇನೆ. ಮರ ಕೊರೆಯುವ ಬಿಟ್ ಹೊಗೆಯಾಡುತ್ತದೆ, ಮೋಟರ್ ಮುಟ್ಟಲಾಗುವುದಿಲ್ಲ. ಮೆಷಿನ್‌ಗೆ ಭಾರವಾಗದಿರಲಿ ಅಂತ ಬಿಟ್ ಸರಿಯುವ ವೇಗ ಇಳಿಸಿದೆ. ಈಗ ಇನ್ನೂ ಜಾಸ್ತಿ ಸುಡುತ್ತಿದೆ. ದೊಡ್ಡ ಫ್ಯಾನ್ ಹಾಕಲೇ, ಮೋಟರಿಗೆ ಒದ್ದೆ ಬಟ್ಟೆ ಸುತ್ತಲೇ?”

ಒದ್ದೆ ಬಟ್ಟೆಯನ್ನು ದಯವಿಟ್ಟು ಈಗಲೇ ಬಿಚ್ಚಿಡಿ. ಕರೆಂಟು ಹರಿಯುವ ಮೋಟರಿನ ಹತ್ತಿರ ನೀರಿಗೆ ಕೆಲಸವಿಲ್ಲ. ಫ್ಯಾನಿನ ಮಾತು ಆಮೇಲೆ ನೋಡೋಣ. ನನಗೆ ಕುಣಿಯುವಷ್ಟು ಖುಷಿಯಾದದ್ದು ಚೀಟಿಯ ಆ ನಡುವಿನ ಮಾತು ಓದಿ. ವೇಗ ಇಳಿಸಿದರೆ ಹೆಚ್ಚು ಸುಟ್ಟಿತು! ಉತ್ತರವನ್ನು ಅವರೇ ಕಂಡಿದ್ದಾರೆ.

ಅವರು ಬರೆದ ಅಂಕಿಗಳನ್ನೇ ತೆಗೆದುಕೊಳ್ಳುತ್ತೇನೆ. ಎರಡು ಹಲ್ಲಿನ ಬಿಟ್, ನಿಮಿಷಕ್ಕೆ 10,000 ಸುತ್ತು. ಅಂದರೆ ನಿಮಿಷಕ್ಕೆ 20,000 ಸಲ ಹಲ್ಲು ಮರಕ್ಕೆ ತಾಗುತ್ತದೆ. ಬಿಟ್ ಮುಂದೆ ಸರಿಯುವ ವೇಗ, ಅಂದರೆ ಫೀಡ್, ನಿಮಿಷಕ್ಕೆ 200 ಮಿಲಿಮೀಟರ್. ಭಾಗಿಸಿದರೆ ಒಂದೊಂದು ಹಲ್ಲಿನ ಪಾಲಿಗೆ ಬರುವುದು 0.01 ಮಿಲಿಮೀಟರ್ ಮರ. ಒಂದು ಹಾಳೆ ಕಾಗದದ ದಪ್ಪದ ಹತ್ತನೇ ಒಂದು ಪಾಲು. ಇಷ್ಟು ತೆಳುವಾಗಿ ಕಡಿಯುವುದು ಇಂಥ ಬಿಟ್ಟಿಗೆ ಬಲು ಕಷ್ಟ, ಏಕೆಂದರೆ ಎಂಥ ಹರಿತವಾದ ಅಂಚೂ ಸೂಕ್ಷ್ಮದರ್ಶಕದ ಕೆಳಗೆ ಗುಂಡಗೆ ಕಾಣುತ್ತದೆ. ಸಾಗುವಾನಿಯಲ್ಲಿ ಮರಳಿನ ಅಂಶವಾದ ಸಿಲಿಕಾ ಇದೆ, ಅದು ಅಂಚನ್ನು ಬೇಗ ಮೊಂಡಾಗಿಸುತ್ತದೆ. ಹೀಗೆ ಸವೆದ ಅಂಚಿನ ಗುಂಡು 0.01 ಮಿಲಿಮೀಟರನ್ನು ಸುಲಭವಾಗಿ ಮೀರುತ್ತದೆ. ಮೊಂಡು ಈಳಿಗೆಯಲ್ಲಿ ಟೊಮೆಟೊ ಹೆಚ್ಚಲು ಹೋಗಿದ್ದೀರಾ? ಸಿಪ್ಪೆ ಹರಿಯುವುದಿಲ್ಲ, ಜಾರುತ್ತದೆ. ಇಲ್ಲೂ ಅದೇ. ಹಲ್ಲು ಮರವನ್ನು ಕಡಿಯದೆ ಉಜ್ಜಿಕೊಂಡು ಹೋಗುತ್ತದೆ. ಒಂದೊಂದು ಮಿಲಿಮೀಟರ್ ದೂರವನ್ನು ನೂರು ಸಲ ಉಜ್ಜುತ್ತದೆ.

ಉಜ್ಜುವುದಕ್ಕೂ ಬಿಸಿಗೂ ಇರುವ ನಂಟನ್ನು ಜಗತ್ತಿಗೆ ಮನಗಾಣಿಸಿದ್ದೂ ಒಂದು ಕೊರೆಯುವ ಯಂತ್ರವೇ. ಅಮೆರಿಕದಲ್ಲಿ ಹುಟ್ಟಿ ಜರ್ಮನಿಯ ಮ್ಯೂನಿಕ್‌ನಲ್ಲಿ ಫಿರಂಗಿ ಕೊರೆಸುವ ಉಸ್ತುವಾರಿಯಲ್ಲಿದ್ದ ಬೆಂಜಮಿನ್ ಥಾಂಪ್ಸನ್, ಅಂದರೆ ಕೌಂಟ್ ರಮ್‌ಫರ್ಡ್, 1798ರಲ್ಲಿ ತನ್ನ ಪ್ರಯೋಗಗಳನ್ನು ಪ್ರಕಟಿಸಿದ. ಬಿಸಿ ಎಂಬುದು ವಸ್ತುವಿನೊಳಗೆ ಅಡಗಿರುವ ಒಂದು ದ್ರವ, ಲೋಹವನ್ನು ಕತ್ತರಿಸಿದಾಗ ಅದು ಹೊರಗೆ ಸೋರುತ್ತದೆ ಎಂದು ಆಗಿನ ಪಂಡಿತರು ನಂಬಿದ್ದರು. ರಮ್‌ಫರ್ಡ್ ಬೇಕೆಂದೇ ಮೊಂಡು ಬೈರಿಗೆ ತೆಗೆದುಕೊಂಡ. ಒಂದು ಪ್ರಯೋಗದಲ್ಲಿ ಅದು 960 ಸುತ್ತು ತಿರುಗಿದರೂ ಉದುರಿದ ಲೋಹದ ಹುಡಿ ಸುಮಾರು 54 ಗ್ರಾಂ ಮಾತ್ರ. ಬಿಸಿಯೋ ಧಾರಾಳ. ಮುಂದೆ ಆ ಲೋಹವನ್ನು ನೀರಿನ ಪೆಟ್ಟಿಗೆಯಲ್ಲಿ ಮುಳುಗಿಸಿ, ಕುದುರೆ ಕಟ್ಟಿ ತಿರುಗಿಸಿದಾಗ ಎರಡೂವರೆ ತಾಸಿಗೆ ನೀರು ಕುದಿಯಿತು. ಬೆಂಕಿಯಿಲ್ಲದೆ ಕುದಿದ ನೀರನ್ನು ಕಂಡು ಸುತ್ತ ನಿಂತವರು ಬೆರಗಾದರು. ಕಡಿತ ಕಡಿಮೆ, ಬಿಸಿ ಅಪಾರ. ಸಾಗರದ ಮೇಜಿನ ಮೇಲೆ ನಡೆಯುತ್ತಿರುವುದೂ ಅಕ್ಷರಶಃ ಇದೇ.

ಈ ಬಿಸಿಯನ್ನು ಬೇಕೆಂದೇ ಹುಟ್ಟಿಸಿ ಬದುಕು ಕಟ್ಟಿಕೊಂಡವರು ನಮ್ಮಲ್ಲೇ ಇದ್ದಾರೆ. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರು ತಿರುಗುವ ಹಾಲೆ ಮರಕ್ಕೆ ಮೊದಲು ಉಳಿ ಹಿಡಿಯುತ್ತಾರೆ, ಆಮೇಲೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಳಿ ತಾಗಿದಾಗ ಮರ ಸುರುಳಿ ಸುರುಳಿಯಾಗಿ ಹಾರುತ್ತದೆ, ಗೊಂಬೆ ಅಷ್ಟೇನೂ ಬಿಸಿಯಾಗುವುದಿಲ್ಲ. ಅರಗು ಒತ್ತಿದೊಡನೆ, ಉಜ್ಜಿದ ಕಾವಿಗೇ ಅದು ಕರಗಿ ಮರಕ್ಕೆ ಅಂಟುತ್ತದೆ. ಒಂದೇ ಮರ, ಒಂದೇ ಲೇತು. ಅದರ ಮುಂದೆ ನಿಂತು ನೋಡುವುದು ನನಗೆ ಪ್ರತಿಸಲವೂ ಹೊಸ ಪಾಠ.

ಕಡಿದಾಗ ಬಿಸಿ ಹುಟ್ಟುವುದೇ ಇಲ್ಲವೆಂದಲ್ಲ. ಹುಟ್ಟಿದ ಬಿಸಿಯಲ್ಲಿ ಬಹುಪಾಲನ್ನು ಹಾರಿ ಬೀಳುವ ಚಕ್ಕೆ ಹೊತ್ತೊಯ್ಯುತ್ತದೆ. ಚಕ್ಕೆಯೇ ಈ ಯಂತ್ರದ ನಿಜವಾದ ಫ್ಯಾನ್. ಉಜ್ಜಿದಾಗ ಚಕ್ಕೆಯಿಲ್ಲ, ಮರವಂತೂ ಬಿಸಿಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬೆಲ್ಲದ ಪಾಕ ತಿರುವಲು ಮರದ ಹುಟ್ಟು ಹಿಡಿಯುವುದು ಅದಕ್ಕೇ ತಾನೇ? ಉಕ್ಕಿಗೆ ಹೋಲಿಸಿದರೆ ಮರ ಬಿಸಿಯನ್ನು ಸಾಗಿಸುವುದು ನೂರಾರು ಪಟ್ಟು ಕಡಿಮೆ. ಹೀಗಾಗಿ ಒಂದಷ್ಟು ಕಾವು ಮರದ ಮೇಲ್ಪದರದಲ್ಲೇ ನಿಂತು ಅದನ್ನು ಕಂದಿಸುತ್ತದೆ, ಉಳಿದದ್ದು ಬಿಟ್ ಹಿಡಿದು ಮೇಲೇರಿ ಮೋಟರಿನ ಕಡೆ ಹೋಗುತ್ತದೆ.

ಆದ್ದರಿಂದ ಸಾಗರದವರಿಗೆ ನನ್ನ ಸಲಹೆ: ಬಿಟ್ ಬದಲಿಸಿ, ಫೀಡ್ 800ಕ್ಕೆ ಏರಿಸಿ, ಒಂದು ಸಲಕ್ಕೆ ಇಳಿಯುವ ಆಳವನ್ನು ಅರ್ಧ ಮಿಲಿಮೀಟರಿಗೆ ತನ್ನಿ. ಹಲ್ಲಿನ ಪಾಲು 0.04 ಮಿಲಿಮೀಟರ್ ಆಗುತ್ತದೆ. ಯಂತ್ರ ನರಳಿದರೆ ಫೀಡ್ ಒಂದನ್ನೇ ಇಳಿಸಬೇಡಿ, ಅದರ ಜೊತೆಗೆ ಸುತ್ತನ್ನೂ ಇಳಿಸಿ ಅಥವಾ ಒಂದೇ ಹಲ್ಲಿನ ಬಿಟ್ ಹಾಕಿ. ಸರಿಯಾಯಿತೇ ಎಂದು ತಿಳಿಯಲು ಯಂತ್ರ ನಿಂತ ಮೇಲೆ ಉದುರಿದ್ದನ್ನು ಬೆರಳಲ್ಲಿ ತಿಕ್ಕಿ ನೋಡಿ. ಗೋಧಿ ಹಿಟ್ಟಿನಂತಿದ್ದರೆ ಉಜ್ಜಿದೆ, ಅವಲಕ್ಕಿ ನುಚ್ಚಿನಂತೆ ಕೈಗೆ ಸಿಕ್ಕರೆ ಕಡಿದಿದೆ. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆಗೆ ಮಾತ್ರ ಈ ಪರೀಕ್ಷೆ ಒಗ್ಗದು, ಅದು ಹೇಗೆ ಕೊರೆದರೂ ಹುಡಿಯೇ.

ಅವರ ಹಲಗೆಯಲ್ಲಿ ಇನ್ನೊಂದು ಸೊಗಸಾದ ಸಾಕ್ಷಿಯಿದೆ. ಕಂದು ಕಲೆ ಎಲ್ಲ ಕಡೆ ಒಂದೇ ಸಮನಾಗಿಲ್ಲ. ಉದ್ದ ಗೆರೆಗಳಲ್ಲಿ ತೆಳು, ಅಕ್ಷರದ ಸುಳಿಗಳಲ್ಲಿ, ಕೊಂಬಿನ ತುದಿಯಲ್ಲಿ, ಒತ್ತಕ್ಷರದ ಸಂದಿಯಲ್ಲಿ ದಟ್ಟ. ಬಿಗಿಯಾದ ತಿರುವಿನಲ್ಲಿ ಬಸ್ಸು ನಿಧಾನಿಸುವಂತೆ ಈ ಯಂತ್ರವೂ ತಾನಾಗಿ ನಿಧಾನಿಸುತ್ತದೆ, ಬಿಟ್ಟಿನ ಸುತ್ತು ಮಾತ್ರ ಅಷ್ಟೇ ಇರುತ್ತದೆ. ನಮ್ಮ ಲಿಪಿಯ ತುಂಬ ತಿರುವು. ಕನ್ನಡ ಫಲಕ ಕೊರೆಯುವವರು ಸ್ವಲ್ಪ ದೊಡ್ಡ ಅಕ್ಷರ ಆರಿಸಿಕೊಂಡರೆ ಸುಳಿಗಳು ಅಗಲವಾಗಿ ಸುಡುವುದು ತಗ್ಗುತ್ತದೆ.

ಇನ್ನು ಬಿಟ್ಟನ್ನು ಹೆಜ್ಜೆ ಹೆಜ್ಜೆಯಾಗಿ ಸರಿಸುವ ಅಕ್ಕಪಕ್ಕದ ಸ್ಟೆಪ್ಪರ್ ಮೋಟರ್‌ಗಳು. ಇವು ನಿಂತಲ್ಲೇ ನಿಂತಿದ್ದರೂ ಪಟ್ಟು ಸಡಿಲಿಸದಿರಲು ಕರೆಂಟು ಎಳೆಯುತ್ತಿರುತ್ತವೆ, ಹಾಗಾಗಿ ಬಿಸಿ ಸಹಜ. ಸಾಮಾನ್ಯವಾಗಿ ಇವುಗಳ ಸುರುಳಿ 130 ಡಿಗ್ರಿ ಸೆಲ್ಸಿಯಸ್ ತಾಳುವಂತೆ ಕಟ್ಟಿರುತ್ತಾರೆ. ನಮ್ಮ ಕೈ 50 ದಾಟಿದರೆ ಹಿಂದೆ ಸರಿಯುತ್ತದೆ, ಕೈ ಸುಟ್ಟಿತೆಂದು ಮೋಟರ್ ಸುಟ್ಟಂತಲ್ಲ. ತೀರಾ ಹೆಚ್ಚೆನಿಸಿದರೆ ಕರೆಂಟನ್ನು ತುಸು ತಗ್ಗಿಸಿ. ಕರೆಂಟು ಅರ್ಧವಾದರೆ ಬಿಸಿ ಕಾಲುಭಾಗಕ್ಕಿಳಿಯುತ್ತದೆ.

ತಣ್ಣಗಿರಲೇಬೇಕಾದದ್ದು ಅವುಗಳನ್ನು ನಡೆಸುವ ಡ್ರೈವರ್ ಚಿಪ್. ಮಲೆನಾಡಿನ ಒಂದು ಮರಗೆಲಸದ ಮನೆಯಲ್ಲಿ ದಿನವೂ ಮೂರು ಗಂಟೆಯ ಹೊತ್ತಿಗೆ ಕೆತ್ತನೆ ಎರಡು ಮಿಲಿಮೀಟರ್ ಪಕ್ಕಕ್ಕೆ ಸರಿಯುತ್ತಿತ್ತು. ಜಾಗದ ದೋಷವೆಂದು ಶಾಂತಿ ಮಾಡಿಸಿದರು, ದೃಷ್ಟಿಯೆಂದು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ಕಂಟ್ರೋಲ್ ಪೆಟ್ಟಿಗೆ ತೆರೆದು ನೋಡಿದವರಿಲ್ಲ. ನಾನು ತೆರೆದಾಗ ಒಳಗೆ ಬೆರಳು ದಪ್ಪ ಮರದ ಹುಡಿ, ಮೇಲೆ ಆಯುಧಪೂಜೆಯ ಅರಿಸಿನ ಕುಂಕುಮ! ಫ್ಯಾನಿನ ರೆಕ್ಕೆ ಅಲುಗದಂತೆ ಕಚ್ಚಿತ್ತು. ಅಲ್ಲಿದ್ದ ಎ4988 ಚಿಪ್ ಒಳಗೆ 165 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ತಲುಪಿದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ಕೆಲಸ ನಿಲ್ಲಿಸುತ್ತದೆ, ತಣಿದ ಮೇಲೆ ಮತ್ತೆ ಶುರು ಮಾಡುತ್ತದೆ. ನಡುವೆ ತಪ್ಪಿದ ಹೆಜ್ಜೆಗಳ ಸುದ್ದಿ ಕಂಪ್ಯೂಟರಿಗೆ ಹೋಗುವುದೇ ಇಲ್ಲ. ತಗಡಿನ ಸೂರು ಕಾಯುವ ಹೊತ್ತು ಮೂರು ಗಂಟೆ, ಇದರಲ್ಲಿ ಗ್ರಹಗಳ ಪಾತ್ರವೇನೂ ಇಲ್ಲ. ಪೂಜೆ ಖಂಡಿತ ಮಾಡಿ, ಕುಂಕುಮವನ್ನು ಗಾಳಿಕಿಂಡಿಯಿಂದ ದೂರ ಹಚ್ಚಿ. ಶಾಂತಿಗೆ ಕೊಟ್ಟ ದುಡ್ಡಿನ ಸಣ್ಣ ಪಾಲಿಗೆ ಪೆಟ್ಟಿಗೆಯ ಫ್ಯಾನಿಗೊಂದು ಜಾಲರಿ ಬರುತ್ತಿತ್ತು.

ಕೊನೆಗೆ ಆ ಹೊಗೆಯ ವಾಸನೆಯ ಬಗ್ಗೆ. ಬಿಟ್ ತಿರುಗುತ್ತಾ ಮರದೊಳಗೇ ನಿಂತುಬಿಟ್ಟರೆ ಹುಡಿಯಲ್ಲಿ ಕಣ್ಣಿಗೆ ಕಾಣದ ಕಿಡಿ ಕೂರಬಹುದು. ವ್ಯಾಕ್ಯೂಮ್ ಅದನ್ನು ಎಳೆದು ಹೊಟ್ಟಿನ ಚೀಲಕ್ಕೆ ಸೇರಿಸುತ್ತದೆ, ಅಲ್ಲಿ ಅದು ತಾಸುಗಟ್ಟಲೆ ಒಳಗೊಳಗೇ ಕನಲಿ ರಾತ್ರಿ ಹೊತ್ತಿಕೊಳ್ಳಬಹುದು. ಹಾಗಾಗಿ ಯಂತ್ರ ಓಡುವಾಗ ಕಾಫಿಗೆಂದು ಎದ್ದು ಹೋಗಬೇಡಿ, ಮಲಗುವ ಮುನ್ನ ಆ ಚೀಲವನ್ನು ಅಂಗಳಕ್ಕೆ ಒಯ್ದು, ಗೋಡೆಯಿಂದ ದೂರ ಇಡಿ.